ಕಾಗದದ ಮೈಲೇಜ್, ರಸ್ತೆಯ ಮೈಲೇಜ್: ನಿಮ್ಮ ದಾರಿಗೆ ಯಾವ ಬೈಕ್?

ಅಕ್ಕನ ಮಗ ಕಳೆದ ತಿಂಗಳು ಫೋನ್ ಮಾಡಿದ್ದ. ಅವನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ವಾಸ ನೆಲಮಂಗಲದಲ್ಲಿ. "ಮಾವ, ಮೂರು ಗಾಡಿ ನೋಡಿಕೊಂಡು ಬಂದೆ. ಒಂದು ಗಾಡಿ ಲೀಟರಿಗೆ ಎಪ್ಪತ್ತು ಕಿಲೋಮೀಟರ್ ಕೊಡುತ್ತದೆಯಂತೆ, ಇನ್ನೊಂದು ಅರವತ್ತೈದು, ಮತ್ತೊಂದು ನಲವತ್ತು. ಯಾವುದು ತೆಗೆದುಕೊಳ್ಳಲಿ?" ಎಂದ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀಯ, ಸಿಗ್ನಲ್ ಎಷ್ಟು, ಹಿಂದೆ ಯಾರು ಕೂರುತ್ತಾರೆ, ಚನ್ನರಾಯಪಟ್ಟಣಕ್ಕೆ ಅಮ್ಮನನ್ನು ನೋಡಲು ಬರುವುದು ಬಸ್ಸಿನಲ್ಲೋ ಬೈಕಿನಲ್ಲೋ ಎಂದು ನಾನು ಕೇಳುತ್ತಾ ಹೋದೆ. ಅವನಿಗೆ ಸ್ವಲ್ಪ ಬೇಸರವಾಯಿತು. ಒಂದು ಹೆಸರು ಹೇಳಿಬಿಡುತ್ತೇನೆ ಎಂದುಕೊಂಡಿದ್ದ.

ಹೆಸರು ಹೇಳುವುದು ಸುಲಭ. ಆದರೆ ಒಂದೇ ಬೈಕ್ ಹೊಳೆನರಸೀಪುರದ ರಸ್ತೆಯಲ್ಲಿ ಒಂದು ಲೆಕ್ಕ ಕೊಡುತ್ತದೆ, ಸಕಲೇಶಪುರದ ಏರಿನಲ್ಲಿ ಇನ್ನೊಂದು, ಬೆಂಗಳೂರಿನ ಸಂಜೆಯ ದಟ್ಟಣೆಯಲ್ಲಿ ಮತ್ತೊಂದು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಪಶು ಆಹಾರದ ವ್ಯಾಪಾರಕ್ಕಾಗಿ ಹದಿನಾಲ್ಕು ವರ್ಷದಿಂದ ಬೈಕ್ ಮೇಲೆಯೇ ತಿರುಗುತ್ತಿದ್ದೇನೆ. ಮೊದಲ ಒಂಬತ್ತು ವರ್ಷ ಕಾರ್ಬೊರೇಟರ್ ಇದ್ದ ಒಂದು 100 ಸಿಸಿ ಗಾಡಿ, ಆಮೇಲೆ ಒಂದು 125. ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಿಲೋಮೀಟರ್ ಮತ್ತು ಲೀಟರ್ ಬರೆದಿಟ್ಟ ನೋಟ್‌ಬುಕ್‌ಗಳಿವೆ. ಅವುಗಳಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಾಡಿ ಆರಿಸುವ ಮೊದಲು ನಿಮ್ಮ ದಾರಿಯನ್ನು ಆರಿಸಿಕೊಳ್ಳಿ, ಅಂದರೆ ತಿಂಗಳಲ್ಲಿ ಹೆಚ್ಚು ಕಿಲೋಮೀಟರ್ ಯಾವ ರಸ್ತೆಯಲ್ಲಿ ಕಳೆಯುತ್ತೀರಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಉಳಿದ ಲೆಕ್ಕವೆಲ್ಲ ಅದರ ಹಿಂದೆ ಬರುತ್ತದೆ.

ಶೋರೂಂ ಹೇಳುವ ಸಂಖ್ಯೆ

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ "ತುಂಬಿಸಿ, ಮುಚ್ಚಿ, ಮರೆತುಬಿಡಿ" ಎಂಬ ಅರ್ಥದ ಜಾಹೀರಾತು ಮನೆಮಾತಾಯಿತು. ಅಲ್ಲಿಂದ ಇಲ್ಲಿಯವರೆಗೆ ನಮ್ಮಲ್ಲಿ ಬೈಕ್ ಕೊಳ್ಳುವವರ ಮೊದಲ ಪ್ರಶ್ನೆ ಬದಲಾಗಿಲ್ಲ: ಲೀಟರಿಗೆ ಎಷ್ಟು ಕೊಡುತ್ತದೆ? ಆ ಪ್ರಶ್ನೆಗೆ ಶೋರೂಂನವರು ಕೊಡುವ ಉತ್ತರ ಪ್ರಯೋಗಾಲಯದಿಂದ ಬಂದದ್ದು. ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ, ಗೊತ್ತುಪಡಿಸಿದ ವೇಗದಲ್ಲಿ ಗೊತ್ತುಪಡಿಸಿದಷ್ಟು ಹೊತ್ತು ಓಡಿಸಿ, ಹೊಗೆಯನ್ನು ಅಳೆದು ಇಂಧನದ ಲೆಕ್ಕ ತೆಗೆಯುತ್ತಾರೆ. ಹಿಂದೆ ಬಳಸುತ್ತಿದ್ದ ಭಾರತೀಯ ಚಾಲನಾ ಚಕ್ರದಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ಸುಮಾರು 22 ಕಿ.ಮೀ. ಮಾತ್ರ ಇತ್ತು. ಈಗಿನ ಪರೀಕ್ಷೆ ಬೇರೆಯಾದರೂ ಸಣ್ಣ ಎಂಜಿನ್‌ಗಳ ಓಟ ಪಟ್ಟಣದ ವೇಗವನ್ನು ಹೆಚ್ಚು ದಾಟುವುದಿಲ್ಲ. ಅಲ್ಲಿ ಎದುರುಗಾಳಿ ಇಲ್ಲ, ಹಳ್ಳ ಇಲ್ಲ, ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ, ಟೈರ್ ಗಾಳಿ ಸರಿಯಾಗಿದೆ.

ಆದ್ದರಿಂದ ಆ ಸಂಖ್ಯೆ ಸುಳ್ಳಲ್ಲ. ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಲು ಅದು ಬೇಕು. ಆದರೆ ಅದು ನಿಧಾನವಾಗಿ ಓಡುವ ಒಂಟಿ ಸವಾರನ ಸಂಖ್ಯೆ. ನನ್ನ ಅನುಭವದಲ್ಲಿ ಅದರಿಂದ ಶೇ. 10ರಿಂದ 20ರಷ್ಟು ಕಳೆದರೆ ಸಾಮಾನ್ಯ ಓಡಾಟದ ಸಂಖ್ಯೆ ಸಿಗುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಓಡಿಸುವವರು ಇನ್ನೂ ಹೆಚ್ಚು ಕಳೆಯಬೇಕು, ಅದರಲ್ಲೂ ಗಾಡಿ ಚಿಕ್ಕದಾದಷ್ಟೂ ಹೆಚ್ಚು. ಇದರ ಕಾರಣವನ್ನು ಮುಂದೆ ಹೇಳುತ್ತೇನೆ, ಏಕೆಂದರೆ 100 ಮತ್ತು 125ರ ನಡುವಿನ ಆಯ್ಕೆ ನಿಂತಿರುವುದೇ ಅದರ ಮೇಲೆ.

ಅಳೆಯದೆ ಮಾತಾಡಬೇಡಿ

"ನೂರು ರೂಪಾಯಿ ಹಾಕಿಸಿದ್ದೆ, ಎರಡು ದಿನ ಬಂತು" ಎನ್ನುವ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. "ರಿಸರ್ವ್‌ಗೆ ಬಂದಾಗ ಒಂದು ಲೀಟರ್ ಹಾಕಿಸಿ ಮತ್ತೆ ರಿಸರ್ವ್‌ಗೆ ಬರುವವರೆಗೆ ಓಡಿಸಿದೆ" ಎನ್ನುವುದು ಹಳೆಯ ಗಾಡಿಗಳಿಗೆ ತಕ್ಕಮಟ್ಟಿಗೆ ಸರಿಯಾಗಿತ್ತು. 2020ರ ಏಪ್ರಿಲ್ 1ರಂದು ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕ್‌ಗಳಿಗೆ ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಬಂದಿದೆ, ಅವುಗಳಲ್ಲಿ ರಿಸರ್ವ್ ತಿರುಗಿಸುವ ನಲ್ಲಿಯೇ ಇಲ್ಲ. ಮೇಲಾಗಿ ಟ್ಯಾಂಕ್ ಒಳಗಿನ ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದ. ಮೈಲೇಜ್ ನೋಡುವ ಆಸೆಗೆ ಟ್ಯಾಂಕ್ ಬರಿದು ಮಾಡಿದರೆ ಪಂಪ್ ಕೆಡಬಹುದು.

ಸರಿಯಾದ ದಾರಿ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆಯುವುದು. ಒಂದೇ ಬಂಕ್, ಆದಷ್ಟು ಒಂದೇ ಪಂಪ್. ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ ನೇರ ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಮೇಲೆ ವಾಲಿದ್ದರೆ ಟ್ಯಾಂಕಿನ ಒಂದು ಮೂಲೆಯಲ್ಲಿ ಗಾಳಿ ಉಳಿದು ಪೆಟ್ರೋಲ್ ಕಡಿಮೆ ಹಿಡಿಯುತ್ತದೆ. ಪೈಪ್ ತಾನಾಗಿ 'ಟಕ್' ಎಂದು ನಿಲ್ಲುವಲ್ಲಿಗೆ ಸಾಕು ಮಾಡಿಸಿ. ಮೀಟರಿನ ಕಿಲೋಮೀಟರ್ ಬರೆದುಕೊಳ್ಳಿ. ನಂತರ ಎಂದಿನಂತೆ ಓಡಿಸಿ. ಮೈಲೇಜ್ ನೋಡುತ್ತಿದ್ದೇನೆ ಎಂದು ಎರಡು ದಿನ ಸಾಧುವಿನಂತೆ ಓಡಿಸಿದರೆ ಬರುವುದು ಆ ಎರಡು ದಿನದ ಸಂಖ್ಯೆ ಅಷ್ಟೇ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಂದಾಗ ಅದೇ ಬಂಕ್‌ಗೆ ಹೋಗಿ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ.

ಅರ್ಧಕ್ಕಿಂತ ಕೆಳಗೆ ಎಂದದ್ದು ಸುಮ್ಮನೆ ಅಲ್ಲ. ಪೈಪ್ ನಿಲ್ಲುವ ಮಟ್ಟದಲ್ಲಿ ಕಾಲು ಲೀಟರ್ ಆಚೀಚೆ ಆಗುವುದು ಸಹಜ. ಎರಡು ಲೀಟರ್ ತುಂಬಿಸಿದಾಗ ಆ ಕಾಲು ಲೀಟರ್ ಎಂದರೆ ಶೇ. 12ರ ತಪ್ಪು, ನಿಮ್ಮ 60 ಎನ್ನುವುದು 53 ಆಗಿ ಕಾಣಬಹುದು, 68 ಆಗಿಯೂ ಕಾಣಬಹುದು. ಆರು ಲೀಟರ್ ತುಂಬಿಸಿದಾಗ ಅದೇ ತಪ್ಪು ಶೇ. 4ಕ್ಕೆ ಇಳಿಯುತ್ತದೆ. ಮೂರು ಟ್ಯಾಂಕ್‌ಗಳ ಕಿಲೋಮೀಟರ್ ಒಟ್ಟು ಮಾಡಿ, ಮೂರು ಟ್ಯಾಂಕ್‌ಗಳ ಲೀಟರ್ ಒಟ್ಟು ಮಾಡಿ ಭಾಗಿಸಿದರೆ ನಂಬಬಹುದಾದ ಸಂಖ್ಯೆ ಸಿಗುತ್ತದೆ. ಈಗಿನ ಡಿಜಿಟಲ್ ಮೀಟರ್‌ಗಳು ತಾವೇ ಮೈಲೇಜ್ ತೋರಿಸುತ್ತವೆ. ಅದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಟ್ಟಿದ ಅಂದಾಜು. ಏರುಪೇರು ಗಮನಿಸಲು ಒಳ್ಳೆಯದು, ಆದರೆ ಕೊನೆಯ ಮಾತು ಬಂಕ್ ರಸೀದಿಯದೇ.

ಬಂಕ್ ವಿಚಾರ ಬಂದಿದ್ದರಿಂದ ಒಂದು ಮಾತು. ಮೂರು ವರ್ಷದ ಹಿಂದೆ ನನ್ನ ಪುಸ್ತಕದಲ್ಲಿ 58 ಇದ್ದದ್ದು ಸತತವಾಗಿ 52ಕ್ಕೆ ಇಳಿಯಿತು. ಮೆಕ್ಯಾನಿಕ್ ಬಳಿ ಹೋದೆ, ಪ್ಲಗ್ ಬದಲಾಯಿಸಿದೆ, ಏನೂ ಆಗಲಿಲ್ಲ. ಕೊನೆಗೆ ಬಂಕ್ ಬದಲಾಯಿಸಿದಾಗ 58 ಮರಳಿತು. ಹಳೆಯ ಬಂಕ್‌ಗೆ ಹೋಗಿ ಐದು ಲೀಟರಿನ ಅಳತೆ ಪಾತ್ರೆ ತರಿಸಿ ಎಂದೆ. ಒಲ್ಲದ ಮನಸ್ಸಿನಿಂದ ತಂದರು. ಪೆಟ್ರೋಲ್ ಗೆರೆ ಮುಟ್ಟಲಿಲ್ಲ. ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಈ ಪಾತ್ರೆ ಪ್ರತಿ ಬಂಕ್‌ನಲ್ಲೂ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ಇದು ನಮ್ಮ ಹಕ್ಕು, ಕೇಳಲು ಹಿಂಜರಿಯಬೇಡಿ. ಇನ್ನು ಬೆಳಗಿನ ಜಾವ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಬರುತ್ತದೆ ಎಂಬ ನಂಬಿಕೆಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ, ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅದರ ತಾಪಮಾನ ಹೆಚ್ಚೇನೂ ಬದಲಾಗುವುದಿಲ್ಲ.

ಹತ್ತು ಕಿಲೋಮೀಟರ್ ಎಲ್ಲ ಕಡೆಯೂ ಹತ್ತಲ್ಲ

ಅಕ್ಕನ ಮಗನ ತಲೆಯಲ್ಲಿ ಒಂದು ಲೆಕ್ಕವಿತ್ತು: ಎಪ್ಪತ್ತು ಕೊಡುವ ಗಾಡಿ ಅರವತ್ತು ಕೊಡುವ ಗಾಡಿಗಿಂತ ಹತ್ತು ಮೇಲು, ನಲವತ್ತೈದು ಕೊಡುವುದು ಮೂವತ್ತೈದಕ್ಕಿಂತ ಹತ್ತು ಮೇಲು, ಎರಡೂ ಒಂದೇ ಲಾಭ ಎಂದು. ಬಹಳ ಮಂದಿ ಹಾಗೆಯೇ ಎಣಿಸುತ್ತಾರೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಬೇಕು ಎಂದು ತಿರುಗಿಸಿ ನೋಡಿ. ಮೂವತ್ತೈದರ ಗಾಡಿಗೆ 2.86 ಲೀಟರ್, ನಲವತ್ತೈದಕ್ಕೆ 2.22. ಉಳಿದದ್ದು 640 ಮಿಲಿ ಲೀಟರ್. ಅರವತ್ತಕ್ಕೆ 1.67, ಎಪ್ಪತ್ತಕ್ಕೆ 1.43. ಇಲ್ಲಿ ಉಳಿದದ್ದು 240 ಮಿಲಿ ಲೀಟರ್ ಮಾತ್ರ. ಮೇಲಕ್ಕೆ ಹೋದಂತೆ ಹತ್ತರ ಬೆಲೆ ಕುಗ್ಗುತ್ತದೆ.

ಹಣಕ್ಕೆ ತಿರುಗಿಸೋಣ. ಬಾಯಿಲೆಕ್ಕ ಸುಲಭವಾಗಲಿ ಎಂದು ಲೀಟರಿಗೆ ನೂರು ರೂಪಾಯಿ ಎಂದು ಇಟ್ಟುಕೊಂಡಿದ್ದೇನೆ. ತಿಂಗಳಿಗೆ 600 ಕಿ.ಮೀ. ಓಡಿಸುವ ಮನುಷ್ಯ ಅರವತ್ತರಿಂದ ಎಪ್ಪತ್ತಕ್ಕೆ ಹೋದರೆ ಉಳಿಯುವುದು 143 ರೂಪಾಯಿ. ಅದಕ್ಕಾಗಿ ಬೆನ್ನು ನೋಯುವ ಸೀಟನ್ನು, ಹಿಡಿಯದ ಬ್ರೇಕನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಆದರೆ ತಿಂಗಳಿಗೆ 2,000 ಕಿ.ಮೀ. ಓಡಿಸಿ ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ ಅದೇ ಹತ್ತು 476 ರೂಪಾಯಿ. ಅವನಿಗೆ ಅದು ಲೆಕ್ಕಕ್ಕೆ ಸಿಗುವ ಹಣ. ಹಾಗಾಗಿ 'ಒಳ್ಳೆಯ ಮೈಲೇಜ್' ಎಂಬುದು ಗಾಡಿಯ ಗುಣ ಮಾತ್ರವಲ್ಲ, ನೀವು ಓಡಿಸುವ ದೂರದ ಗುಣವೂ ಹೌದು.

ನೂರೋ, ನೂರಿಪ್ಪತ್ತೈದೋ

ನಮ್ಮಲ್ಲಿ ಬಹುಪಾಲು ಜನರ ನಿಜವಾದ ಆಯ್ಕೆ ಇದು. ಒಂದು ಕಡೆ ಸ್ಪ್ಲೆಂಡರ್ ಪ್ಲಸ್, ಶೈನ್ 100, ಪ್ಲಾಟಿನಾ, ಇನ್ನೊಂದು ಕಡೆ ಶೈನ್ 125, ಎಸ್‌ಪಿ 125, ರೈಡರ್, ಗ್ಲಾಮರ್. ಮೂರು ದಾರಿಗಳನ್ನು ಬೇರೆ ಬೇರೆ ಮಾಡಿ ನೋಡಬೇಕು: ಸಿಗ್ನಲ್ಲಿನ ದಾರಿ, ಹೆದ್ದಾರಿ, ಘಾಟಿ.

ಊರೊಳಗೆ ಪೆಟ್ರೋಲ್ ತಿನ್ನುವುದು ಬ್ರೇಕ್. ಗಾಡಿ ಮತ್ತು ಸವಾರ ಸೇರಿ 200 ಕಿಲೋ ಎಂದುಕೊಳ್ಳಿ. 50ರ ವೇಗದಲ್ಲಿ ಹೋಗುತ್ತಿರುವಾಗ ಕೆಂಪು ದೀಪ ಕಂಡು ಬ್ರೇಕ್ ಒತ್ತಿದರೆ, ಆ ಓಟದಲ್ಲಿದ್ದ ಶಕ್ತಿಯೆಲ್ಲ ಬ್ರೇಕ್ ಶೂಗಳ ಬಿಸಿಯಾಗಿ ಹೋಗುತ್ತದೆ. ಮತ್ತೆ 50ಕ್ಕೆ ಬರಲು ಸುಮಾರು 3 ಮಿಲಿ ಲೀಟರ್ ಪೆಟ್ರೋಲ್ ಬೇಕು, ಅಂದರೆ ಸುಮಾರು ಅರ್ಧ ಟೀ ಚಮಚ. ಅಲ್ಪ ಎನಿಸುತ್ತದೆ. ಇಪ್ಪತ್ತು ಕಿಲೋಮೀಟರಿನಲ್ಲಿ ಮೂವತ್ತು ಸಲ ನಿಂತು ಹೊರಟರೆ 90 ಮಿಲಿ ಲೀಟರ್. ಆ ದೂರಕ್ಕೆ ಬೇಕಾದ ಒಟ್ಟು ಪೆಟ್ರೋಲೇ ಮುನ್ನೂರು ಚಿಲ್ಲರೆ ಮಿಲಿ ಲೀಟರ್. ಅಂದರೆ ಕಾಲು ಭಾಗ ಸಿಗ್ನಲ್‌ಗೆ ಕಪ್ಪ ಕಟ್ಟಿದಂತೆ. ದೂರದಲ್ಲೇ ಕೆಂಪು ದೀಪ ಕಂಡಾಗ ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ತಾನಾಗಿ ನಿಧಾನಿಸಲು ಬಿಡುವವನಿಗೂ, ಕೊನೆಯವರೆಗೆ ಹೋಗಿ ಗಕ್ಕನೆ ನಿಲ್ಲಿಸುವವನಿಗೂ ಒಂದೇ ಬೈಕ್ ಹತ್ತು ಕಿಲೋಮೀಟರಿನ ವ್ಯತ್ಯಾಸ ಕೊಡುವುದು ಹೀಗೆ.

ಈ ದಾರಿಯಲ್ಲಿ ಹಗುರವಾದ ಗಾಡಿಯೇ ರಾಜ. ಶೈನ್ 100 ತೂಗುವುದು 99 ಕಿಲೋ, ಸ್ಪ್ಲೆಂಡರ್ ಪ್ಲಸ್ 112. ಸ್ಪ್ಲೆಂಡರ್‌ನಲ್ಲಿ ಸಿಗ್ನಲ್ ಬಳಿ ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟರೆ ಎಂಜಿನ್ ತಾನಾಗಿ ಆರಿ, ಮತ್ತೆ ಕ್ಲಚ್ ಹಿಡಿದಾಗ ಹೊತ್ತಿಕೊಳ್ಳುವ ವ್ಯವಸ್ಥೆಯೂ ಇದೆ. ಹಾಸನ ಪಟ್ಟಣದೊಳಗೆ ನನ್ನ ಹಳೆಯ 100 ಸಿಸಿ 60ರಿಂದ 63 ಕೊಡುತ್ತಿತ್ತು, ಈಗಿನ 125 ಕೊಡುತ್ತಿರುವುದು 52ರಿಂದ 54. ಊರು ಬಿಟ್ಟು ಹೋಗದವರು 125 ನೋಡುವ ಅಗತ್ಯವೇ ಇಲ್ಲ.

ಹೆದ್ದಾರಿಗೆ ಬಂದರೆ ಕಥೆ ತಿರುಗುತ್ತದೆ. ಇಲ್ಲಿ ಶತ್ರು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟು. ಸುಮಾರು 8 ಅಶ್ವಶಕ್ತಿಯ 100 ಸಿಸಿ ಗಾಡಿಗೆ 85–90 ಎಂಬುದು ತುತ್ತತುದಿ. 75ರಲ್ಲಿ ಓಡಿಸುವಾಗ ಅದು ತನ್ನ ಶಕ್ತಿಯ ಬಹುಪಾಲನ್ನು ಸುರಿಯುತ್ತಿರುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಎಂಜಿನ್ ಬಿಸಿಯೇರದಂತೆ, ಎಳೆತ ಕುಗ್ಗದಂತೆ ಪೆಟ್ರೋಲ್ ಪ್ರಮಾಣವನ್ನೂ ಹೆಚ್ಚಿಸಲಾಗುತ್ತದೆ. ನಾಲ್ಕೇ ಗೇರ್ ಆದ್ದರಿಂದ ಎಂಜಿನ್ ಕೂಗುತ್ತಲೇ ಇರುತ್ತದೆ. 125ಕ್ಕೆ ಅದೇ 75 ಅಷ್ಟು ಕಷ್ಟವಲ್ಲ. 11ರ ಆಸುಪಾಸು ಅಶ್ವಶಕ್ತಿ, ಹೆಚ್ಚಿನವುಗಳಲ್ಲಿ ಐದು ಗೇರ್, ಎಂಜಿನ್ ಸಮಾಧಾನವಾಗಿ ತಿರುಗುತ್ತದೆ.

ಹಾಸನದಿಂದ ನೆಲಮಂಗಲದವರೆಗಿನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನನ್ನ ಪುಸ್ತಕ ಹೇಳುವುದಿದು. 50–55ರಲ್ಲಿ ಹೋದಾಗ 100 ಸಿಸಿ ಗಾಡಿ 67, 125 ಗಾಡಿ 59. 75ರಲ್ಲಿ ಹೋದಾಗ 100 ಸಿಸಿ 52, 125 ಗಾಡಿ 53. ಎಂಟು ಕಿಲೋಮೀಟರಿನ ಅಂತರ ಪೂರ್ತಿ ಕರಗಿಹೋಯಿತು. ಅಂಕಿಗಳು ನಿಮ್ಮ ಕೈಯಲ್ಲಿ ಸ್ವಲ್ಪ ಬೇರೆಯಾಗಬಹುದು, ಆದರೆ ದಿಕ್ಕು ಇದೇ. ಆದ್ದರಿಂದ ದಿನವೂ ಹೆದ್ದಾರಿಯಲ್ಲಿ ಐವತ್ತು-ಅರವತ್ತು ಕಿಲೋಮೀಟರ್ ಹೋಗುವವರು, ಅದರಲ್ಲೂ ಲಾರಿಗಳನ್ನು ದಾಟಬೇಕಾದವರು, ಮೈಲೇಜ್ ಹೆಸರಿನಲ್ಲಿ 100 ಸಿಸಿ ಕೊಂಡು ಅದನ್ನು ಹಿಂಡುವುದು ತರವಲ್ಲ. ಪೆಟ್ರೋಲೂ ಉಳಿಯುವುದಿಲ್ಲ, ಎಂಜಿನ್ನೂ ಬೇಗ ಸವೆಯುತ್ತದೆ, ದಾಟುವಾಗ ಎಳೆತ ಸಾಲದೆ ಲಾರಿಯ ಪಕ್ಕದಲ್ಲೇ ಸಿಕ್ಕಿಹಾಕಿಕೊಳ್ಳುವ ಭಯ ಬೇರೆ. 55ನ್ನು ದಾಟದೆ ಎಡಬದಿಯಲ್ಲೇ ಸಾಗುವ ಸಮಾಧಾನದವರಾದರೆ 100 ಸಿಸಿಯನ್ನು ಮೀರಿಸುವ ಗಾಡಿ ಇಲ್ಲ.

ಬೆಂಗಳೂರು–ಮೈಸೂರು ನಡುವೆ ಓಡಾಡುವವರಿಗೆ ಈ ಲೆಕ್ಕ ಬೇರೆ. 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಊರು, ಉಬ್ಬು, ತಿರುವು ಎಲ್ಲ ಇರುತ್ತವೆ. ಅದು ಹೆಸರಿಗೆ ಹೆದ್ದಾರಿ, ಪೆಟ್ರೋಲಿನ ಲೆಕ್ಕದಲ್ಲಿ ಪಟ್ಟಣದ ರಸ್ತೆ. ಅಲ್ಲಿ ಹಗುರವಾದ ಗಾಡಿ ಮತ್ತೆ ಗೆಲ್ಲುತ್ತದೆ.

ಗಾಳಿಯ ಮಾತು ಬಂದಾಗ ಆಷಾಢ ನೆನಪಾಗುತ್ತದೆ. ಒಮ್ಮೆ ಚಿತ್ರದುರ್ಗದಿಂದ ದಾವಣಗೆರೆ ಕಡೆಗೆ ಹೋಗುತ್ತಿದ್ದೆ. ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ರಭಸದಿಂದ ತಿರುಗುತ್ತಿದ್ದವು. ಮೀಟರ್ 50 ತೋರಿಸುತ್ತಿದ್ದರೂ ಗಾಡಿ ಏರು ಹತ್ತುತ್ತಿರುವಂತೆ ಏದುಸಿರು ಬಿಡುತ್ತಿತ್ತು. ಎದುರಿನಿಂದ 30 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ 50ರಲ್ಲಿ ಹೋಗುವವನಿಗೆ ಎದೆಗೆ ಬಡಿಯುವುದು 80ರ ಗಾಳಿ. ಆ ಟ್ಯಾಂಕ್ 49 ಕೊಟ್ಟಿತು, ಮರಳುವಾಗಿನ ಟ್ಯಾಂಕ್ 64. ಗಾಡಿ ಅದೇ, ಸವಾರ ಅವನೇ. ಆಷಾಢದಲ್ಲಿ ಮೈಲೇಜ್ ಇಳಿಯಿತೆಂದು ಗ್ಯಾರೇಜಿಗೆ ಓಡುವ ಮುನ್ನ ತೆಂಗಿನ ಗರಿ ಯಾವ ಕಡೆ ಬಾಗಿದೆ ಎಂದು ನೋಡಿ.

ಘಾಟಿಯ ಲೆಕ್ಕ ಇನ್ನೊಂದು ಬಗೆ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವು, ಐದುನೂರು ಮೀಟರಿನಷ್ಟು ಏರು. ಇಬ್ಬರು ಕೂತ 100 ಸಿಸಿ ಗಾಡಿಯ ಒಟ್ಟು ತೂಕ 250 ಕಿಲೋ ಎಂದರೆ, ಅಷ್ಟನ್ನು ಮೇಲಕ್ಕೆ ಎತ್ತುವುದಕ್ಕೇ ಸುಮಾರು 200 ಮಿಲಿ ಲೀಟರ್ ಪೆಟ್ರೋಲ್ ಖರ್ಚು. ಸಮತಟ್ಟಿನಲ್ಲಿ ಹತ್ತು ಕಿಲೋಮೀಟರಿಗೆ ಬೇಕಾಗುವುದು 160. ಅಂದರೆ ಏರುವಾಗ ಮೈಲೇಜ್ ಅರ್ಧಕ್ಕಿಂತ ಕೆಳಗೆ. ಇಳಿಯುವಾಗ ಇದರ ಬಹುಪಾಲು ಮರಳಿ ಸಿಗುತ್ತದೆ, ಆದರೆ ಗೇರಿನಲ್ಲೇ ಇಳಿಯಬೇಕು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಘಾಟಿ ಇಳಿಯುವವರನ್ನು ಈಗಲೂ ನೋಡುತ್ತೇನೆ, ನೋಡಿದಾಗಲೆಲ್ಲ ಎದೆ ನಡುಗುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಉರಿಯುತ್ತಿರಲು ಪೆಟ್ರೋಲ್ ಬೇಕೇ ಬೇಕು, ಹಿಡಿತಕ್ಕೆ ಬ್ರೇಕ್ ಒಂದೇ, ಮಳೆಗಾಲದಲ್ಲಿ ಅದೂ ಅನುಮಾನ. ಉಳಿತಾಯವೂ ಇಲ್ಲ, ಜೀವಕ್ಕೆ ಭದ್ರತೆಯೂ ಇಲ್ಲ.

ವಾರಕ್ಕೊಮ್ಮೆ ಘಾಟಿ ಹತ್ತುವವರಿಗೆ 100 ಸಾಕು, ಎರಡನೇ ಗೇರಿನಲ್ಲಿ ತಾಳ್ಮೆಯಿಂದ ಹತ್ತುತ್ತದೆ. ದಿನವೂ ಇಬ್ಬರು ಹೋಗುವವರಿಗೆ, ಎಸ್ಟೇಟ್ ರಸ್ತೆಯಲ್ಲಿ ಮೂಟೆ ಹೊರುವವರಿಗೆ 125 ಅಥವಾ ಅದಕ್ಕಿಂತ ದೊಡ್ಡದು ಬೇಕು. ಮೊದಲ ಗೇರಿನಲ್ಲಿ ಕ್ಲಚ್ ಅರ್ಧ ಹಿಡಿದುಕೊಂಡೇ ಹತ್ತಿಸಿದರೆ ಉಳಿಸಿದ ಪೆಟ್ರೋಲಿನ ಹಣ ಕ್ಲಚ್ ಪ್ಲೇಟ್‌ಗಳಿಗೆ ಹೋಗುತ್ತದೆ.

ಉಳಿದ ಆಯ್ಕೆಗಳು

150–160 ಸಿಸಿ ಗಾಡಿಗಳು, ಎಫ್‌ಜೆಡ್, ಯೂನಿಕಾರ್ನ್, ಪಲ್ಸರ್ 150 ಮುಂತಾದವು, ಮಾಮೂಲಿ ಓಡಾಟದಲ್ಲಿ 42ರಿಂದ 50ರ ನಡುವೆ ಇರುತ್ತವೆ. ಇಬ್ಬರು ದೂರ ಹೋಗುವವರಿಗೆ ನ್ಯಾಯವಾದ ಆಯ್ಕೆ. 350 ಬುಲೆಟ್, ಕ್ಲಾಸಿಕ್, ಹಂಟರ್ ಕೊಳ್ಳುವವರು 30ರಿಂದ 37 ಎಂದು ಮನಸ್ಸಿನಲ್ಲಿ ಬರೆದುಕೊಂಡೇ ಕೊಳ್ಳಬೇಕು. ಕ್ಲಾಸಿಕ್ ತೂಗುವುದು 195 ಕಿಲೋ, ಪ್ರತಿ ಸಿಗ್ನಲ್ಲಿನಲ್ಲೂ ಅಷ್ಟನ್ನು ಮತ್ತೆ ಎಬ್ಬಿಸಬೇಕು. 13 ಲೀಟರ್ ಟ್ಯಾಂಕ್ ತುಂಬಿಸಿದರೂ ಅದು ಹೋಗುವುದು 430 ಕಿಲೋಮೀಟರಿನಷ್ಟು. 9.8 ಲೀಟರಿನ ಸ್ಪ್ಲೆಂಡರ್ ಅದಕ್ಕಿಂತ ದೂರ ಹೋಗುತ್ತದೆ. ಆದರೂ ಹೆದ್ದಾರಿಯಲ್ಲಿ ದಿನವಿಡೀ ಕೂತು ಹೋಗುವ ಸುಖ ಬೇರೆ, ಅದಕ್ಕೆ ಬೆಲೆ ಕೊಡುವವರು ಕೊಡಲಿ.

2024ರ ಜುಲೈನಲ್ಲಿ ಬಂದ ಬಜಾಜ್ ಫ್ರೀಡಂ 125 ಸಿಎನ್‌ಜಿ ಬೈಕ್ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಕಂಪನಿ ಹೇಳುವುದು ಕಿಲೋ ಸಿಎನ್‌ಜಿಗೆ 102 ಕಿ.ಮೀ. ಇದನ್ನು ಪೆಟ್ರೋಲ್ ಬೈಕಿನ 65ರ ಜೊತೆ ನೇರ ಹೋಲಿಸುವುದು, ಸೇರಿನಲ್ಲಿ ಅಳೆದ ರಾಗಿಯನ್ನು ಕಿಲೋದಲ್ಲಿ ತೂಗಿದ ರಾಗಿಗೆ ಹೋಲಿಸಿದಂತೆ. ಒಂದು ಕಿಲೋ ಸಿಎನ್‌ಜಿಯಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಇದೆ. ಗಾಡಿ ಹೆಚ್ಚು ಜಾಣ ಎಂದಲ್ಲ, ಅದರ ಲಾಭ ಇರುವುದು ಇಂಧನ ಅಗ್ಗವಾಗಿರುವುದರಲ್ಲಿ. ಹೋಲಿಸಬೇಕಾದದ್ದು ಕಿಲೋಮೀಟರಿಗೆ ಎಷ್ಟು ಪೈಸೆ ಎಂದು. ಆ ಲೆಕ್ಕದಲ್ಲಿ ಅದು ಗೆಲ್ಲುತ್ತದೆ, ಆದರೆ ಸಿಎನ್‌ಜಿ ಹಿಡಿಯುವುದು ಎರಡೇ ಕಿಲೋ, ಪೆಟ್ರೋಲ್ ಎರಡು ಲೀಟರ್. ನಿಮ್ಮ ದಿನದ ದಾರಿಯಲ್ಲೇ ಸಿಎನ್‌ಜಿ ಸಿಗುತ್ತದೆಯೇ, ಅಲ್ಲಿ ಆಟೋಗಳ ಸಾಲು ಎಷ್ಟು ಉದ್ದ ಎಂದು ನೋಡಿಕೊಂಡು ಹೋಗಿ. ದಿನಕ್ಕೆ ಇಪ್ಪತ್ತು-ಮೂವತ್ತು ಕಿಲೋಮೀಟರ್ ಊರೊಳಗೇ ಸುತ್ತುವವರು, ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲ ಇದ್ದರೆ, ವಿದ್ಯುತ್ ಸ್ಕೂಟರನ್ನೇ ನೋಡುವುದು ಮೇಲು. ಕಿಲೋಮೀಟರಿನ ಖರ್ಚಿನಲ್ಲಿ ಯಾವ ಪೆಟ್ರೋಲ್ ಬೈಕೂ ಅದರ ಹತ್ತಿರ ಬರುವುದಿಲ್ಲ.

ಎಥೆನಾಲ್ ಎಷ್ಟು ಕಿತ್ತುಕೊಳ್ಳುತ್ತದೆ

ಈಗ ಬಂಕ್‌ಗಳಲ್ಲಿ ಸಿಗುತ್ತಿರುವುದು ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್. ಲೀಟರ್ ಎಥೆನಾಲ್‌ನಲ್ಲಿ ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಆ ಲೆಕ್ಕದಂತೆ ಶೇ. 10 ಬೆರಕೆಯಿಂದ ಶೇ. 20ಕ್ಕೆ ಬಂದಾಗ ಲೀಟರಿನ ಶಕ್ತಿ ಶೇ. 3ರಿಂದ 4ರಷ್ಟು ಇಳಿಯುತ್ತದೆ. ಅರವತ್ತು ಕೊಡುತ್ತಿದ್ದ ಗಾಡಿ ಐವತ್ತೆಂಟಕ್ಕೆ ಬಂದರೆ ಎಥೆನಾಲ್ ಕಾರಣ ಎನ್ನಬಹುದು. ನಲವತ್ತೈದಕ್ಕೆ ಬಂದಿದ್ದರೆ ಕಾರಣ ಗಾಡಿಯಲ್ಲೇ ಇದೆ, ಹುಡುಕಿ. ಹಳೆಯ ಕಾರ್ಬೊರೇಟರ್ ಗಾಡಿ ಇರುವವರು ರಬ್ಬರ್ ಪೈಪ್ ಮತ್ತು ವಾಷರ್‌ಗಳ ಮೇಲೆ ಕಣ್ಣಿಡಿ, ಎಥೆನಾಲ್ ಅವನ್ನು ಬೇಗ ಹಾಳುಮಾಡಬಹುದು. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಬೇಡಿ.

ಇರುವ ಗಾಡಿಯಲ್ಲೇ ಐದಾರು ಕಿಲೋಮೀಟರ್

ಹೊಸದು ಕೊಳ್ಳುವ ಮೊದಲು, ಅಥವಾ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ, ಒಂದು ಕೆಲಸ ಮಾಡಿ. ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿ ಬಿಡಿ. ಆರೋಗ್ಯವಾಗಿರುವ ಗಾಡಿಯಲ್ಲಿ ಅದು ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಅರ್ಧ ಸುತ್ತಿಗೇ 'ಸರ್ರ್' ಎಂದು ನಿಂತರೆ ಡ್ರಮ್ ಬ್ರೇಕನ್ನು ಅತಿಯಾಗಿ ಬಿಗಿದಿದ್ದಾರೆ, ಇಲ್ಲವೇ ಚೈನ್ ಬಿಗಿಯಾಗಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಬ್ರೇಕ್ ಹಿಡಿದುಕೊಂಡೇ ಓಡುತ್ತಿರುವ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿವೆಯೋ ಲೆಕ್ಕವಿಲ್ಲ. ಅರಕಲಗೂಡು ಬಳಿಯ ಹಾಲಿನ ಡೇರಿಯೊಂದರ ಕಾರ್ಯದರ್ಶಿ ತಮ್ಮ ಗಾಡಿ ನಲವತ್ತೆಂಟು ಕೊಡುತ್ತಿದೆ, ಮಾರಿಬಿಡುತ್ತೇನೆ ಎಂದಿದ್ದರು. ಅಲ್ಲೇ ಡೇರಿಯ ಮುಂದೆ ಚಕ್ರ ತಿರುಗಿಸಿ ನೋಡಿದೆವು, ಕಾಲು ಸುತ್ತೂ ಹೋಗಲಿಲ್ಲ. ಬ್ರೇಕ್ ರಾಡಿನ ನಟ್ಟನ್ನು ಮೂರು ಸುತ್ತು ಸಡಿಲ ಮಾಡಿ, ಟೈರಿಗೆ ಗಾಳಿ ಹಿಡಿಸಿ ಕಳಿಸಿದೆ. ಮುಂದಿನ ತಿಂಗಳು ಐವತ್ತಾರು ಎಂದರು. ಆ ಗಾಡಿ ಈಗಲೂ ಅವರ ಬಳಿಯೇ ಇದೆ.

ಟೈರ್ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ನೋಡಿಸಿ. ಎಷ್ಟು ಇರಬೇಕೆಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಒಬ್ಬರಿಗೆ ಒಂದು, ಇಬ್ಬರಿಗೆ ಇನ್ನೊಂದು. ಪಂಕ್ಚರ್ ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಮಣ್ಣಿನ ರಸ್ತೆಯಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಸರ್ವಿಸ್ ಪಟ್ಟಿ ಹೇಳುವುದಕ್ಕಿಂತ ಬೇಗ ಬದಲಾಯಿಸಿ. ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಿ, 10W-30 ಬೇಡುವ ಎಂಜಿನ್‌ಗೆ "ದಪ್ಪ ಇರಲಿ" ಎಂದು 20W-50 ಸುರಿದರೆ ಎಂಜಿನ್ ತಿರುಗುವುದೇ ಭಾರವಾಗುತ್ತದೆ. ನೋಡಲು ಚೆಂದ ಎಂದು ಅಗಲ ಟೈರ್ ಹಾಕಿಸುವವರು ಅದಕ್ಕೆ ಪ್ರತಿ ಲೀಟರಿನಲ್ಲೂ ಬೆಲೆ ತೆರುತ್ತಾರೆ.

ಇನ್ನು ಅಕ್ಕನ ಮಗನ ಲೆಕ್ಕ. ಪೀಣ್ಯಕ್ಕೆ ಹೋಗಿ ಬರುವುದು ತಿಂಗಳಿಗೆ 750 ಕಿಲೋಮೀಟರಿನಷ್ಟು, ಬಹುತೇಕ ದಟ್ಟಣೆಯಲ್ಲಿ. ತಿಂಗಳಿಗೆರಡು ಸಲ ಚನ್ನರಾಯಪಟ್ಟಣಕ್ಕೆ ಬಂದು ಹೋಗುವುದು 480, ಎಲ್ಲವೂ ಹೆದ್ದಾರಿ. 100 ಸಿಸಿಗೆ ಊರೊಳಗೆ 62, 75ರ ವೇಗದ ಹೆದ್ದಾರಿಯಲ್ಲಿ 52 ಎಂದು ಹಿಡಿದರೆ ತಿಂಗಳಿಗೆ 21.3 ಲೀಟರ್. 125ಕ್ಕೆ ಎರಡೂ ಕಡೆ 54 ಎಂದು ಹಿಡಿದರೆ 22.8. ಅವನು ಆಸೆಪಟ್ಟಿದ್ದ 350ಕ್ಕೆ 36.7. ನೂರಕ್ಕೂ ನೂರಿಪ್ಪತ್ತೈದಕ್ಕೂ ನಡುವೆ ತಿಂಗಳಿಗೆ ನೂರೈವತ್ತು ರೂಪಾಯಿ, 350ಕ್ಕೆ ಹೋದರೆ ಸಾವಿರದ ಐನೂರು. ಕುಣಿಗಲ್ ದಾಟಿದ ಮೇಲೆ ರಾತ್ರಿ ಹೊತ್ತು ಲಾರಿಗಳ ನಡುವೆ ಅವನು ಬರುವುದನ್ನು ನೆನೆದು, ಆ ನೂರೈವತ್ತು ರೂಪಾಯಿಯ ಮುಖ ನೋಡಬೇಡ, 125 ತೆಗೆದುಕೋ ಎಂದೆ.

ತೆಗೆದುಕೊಂಡ. ಮೊನ್ನೆ ಭಾನುವಾರ ಬೆಳಗ್ಗೆ ಬಂಕ್‌ನಿಂದಲೇ ಸಂದೇಶ ಕಳಿಸಿದ್ದ: "ಮಾವ, 287 ಕಿಲೋಮೀಟರ್, 5.1 ಲೀಟರ್. ಐವತ್ತಾರು!" ಮೇನ್ ಸ್ಟ್ಯಾಂಡ್ ಹಾಕಿದ್ದೆಯಾ ಎಂದು ಕೇಳಿದೆ. ಹಾಕಿದ್ದೆ ಎಂದ. ಪುಸ್ತಕದಲ್ಲಿ ಬರೆದಿಡು, ಇನ್ನೂ ಎರಡು ಟ್ಯಾಂಕ್ ಆಗಲಿ ಎಂದೆ.